ಜಿಮ್‌ನಾಗ ವಿಡಿಯೊ ಮಾಡಬೋದೇನ್ರಿ ಸರ?

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಜಿಮ್ ಇದೆ. ಎರಡು ರ‍್ಯಾಕು, ಮೂರು ಟ್ರೆಡ್‌ಮಿಲ್ಲು (ಅದರಲ್ಲಿ ಒಂದು ಯಾವಾಗಲೂ ರಿಪೇರಿ), ಎರಡು ಗೋಡೆಗೆ ಉದ್ದಕ್ಕೂ ಕನ್ನಡಿ. ಶುರು ಮಾಡಿ ಹನ್ನೊಂದು ವರ್ಷವಾಯಿತು. ಮೊದಮೊದಲು ಜನ ಕೇಳುತ್ತಿದ್ದ ಪ್ರಶ್ನೆ ಎರಡೇ: ತಿಂಗಳಿಗೆ ಫೀ ಎಷ್ಟು, ಪ್ರೋಟೀನ್ ಪುಡಿ ಕುಡಿದರೆ ಕಿಡ್ನಿ ಹೋಗುತ್ತದೆಯೇ. ಈಗ ಮೂರನೆಯದೊಂದು ಬಂದು ಆ ಎರಡನ್ನೂ ಹಿಂದೆ ಹಾಕಿದೆ.

ಹೋದ ತಿಂಗಳು ಒಂದೇ ಸಂಜೆ ಅದನ್ನು ಎರಡು ಸಲ ಕೇಳಿಸಿಕೊಂಡೆ. ಆರು ಗಂಟೆಗೆ ವಿದ್ಯಾಗಿರಿ ಕಡೆಯ ಕಾಲೇಜು ಹುಡುಗನೊಬ್ಬ ಬಂದ. ಬೆನ್ನಿಗೆ ಚೀಲ, ಚೀಲದಿಂದ ಇಣುಕುವ ಟ್ರೈಪಾಡ್. ಮಷೀನು ನೋಡಲಿಲ್ಲ, ಫೀ ಕೇಳಲಿಲ್ಲ. "ಸರ, ಇಲ್ಲಿ ವಿಡಿಯೊ ಮಾಡಬೋದೇನ್ರಿ?" ಎಂದ. ಏಳೂವರೆಗೆ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಮಗಳು ಮಷೀನುಗಳನ್ನು ನೋಡುತ್ತಿದ್ದಳು. ತಂದೆ ಛಾವಣಿಯ ಮೂಲೆ ಮೂಲೆ ನೋಡಿ, ದನಿ ತಗ್ಗಿಸಿ, "ಇಲ್ಲಿ ಯಾರರ ವಿಡಿಯೊ ಗಿಡಿಯೊ ಮಾಡ್ತಾರೇನ್ರಿ ಸರ?" ಎಂದರು. ಅವನಿಗೆ ಹೌದು ಅನ್ನಿಸಿಕೊಳ್ಳಬೇಕು, ಇವರಿಗೆ ಇಲ್ಲ ಅನ್ನಿಸಿಕೊಳ್ಳಬೇಕು. ಆ ಹುಡುಗ, ಈ ಹುಡುಗಿ ಇಬ್ಬರೂ ನಾಳೆಯಿಂದ ಒಂದೇ ಕನ್ನಡಿಯ ಮುಂದೆ ನಿಲ್ಲುವವರು.

ಕೌಂಟರಿನಲ್ಲಿ ನಿಂತು ಇಬ್ಬರಿಗೂ ಅರ್ಧರ್ಧ ಉತ್ತರ ಕೊಟ್ಟು ಕಳಿಸಿದೆ. ಪೂರ್ತಿ ಉತ್ತರ ಸ್ವಲ್ಪ ಉದ್ದ ಇದೆ, ಇಲ್ಲಿ ಬರೆಯುತ್ತೇನೆ.

ಜಿಮ್‌ನೊಳಗೆ ಕ್ಯಾಮೆರಾ ಬೇಡವೇ ಬೇಡ ಅನ್ನುವವರ ಪೈಕಿ ನಾನಲ್ಲ. ಮೂರು ವರ್ಷದ ಹಿಂದೆ ಒಬ್ಬ ಹುಡುಗ ಡೆಡ್‌ಲಿಫ್ಟ್ ಮಾಡುತ್ತಿದ್ದ. ನೆಲದಿಂದ ಬಾರ್ ಏಳುವ ಹೊತ್ತಿಗೆ ಅವನ ನಡು ಬೆಕ್ಕಿನ ಬೆನ್ನಿನ ಹಾಗೆ ಬಾಗುತ್ತಿತ್ತು. ದಿನಾ ಹೇಳುತ್ತಿದ್ದೆ, "ಬೆನ್ನು ನೆಟ್ಟಗ ಮಾಡೋ ತಮ್ಮಾ." ಅವನು ದಿನಾ ಹೇಳುತ್ತಿದ್ದ, "ನೆಟ್ಟಗ ಐತ್ರಿ ಸರ." ಸುಳ್ಳು ಹೇಳುತ್ತಿರಲಿಲ್ಲ ಪಾಪ, ಅವನಿಗೆ ಒಳಗಿನಿಂದ ಹಾಗೇ ಅನ್ನಿಸುತ್ತಿತ್ತು. ಕನ್ನಡಿ ಎದುರಿಗಿದೆ, ಬೆನ್ನು ಕಾಣುವುದು ಪಕ್ಕದಿಂದ. ಪಕ್ಕದ ಕನ್ನಡಿ ನೋಡಲು ಭಾರ ಎತ್ತಿದ ಹೊತ್ತಿನಲ್ಲೇ ಕತ್ತು ತಿರುಗಿಸಿದರೆ ಅದು ಬೇರೆ ಅಪಾಯ. ಮೂರು ವಾರ ನನ್ನ ಗಂಟಲು ಹೋಯಿತು. ಕೊನೆಗೊಂದು ದಿನ ಅವನದೇ ಫೋನ್ ತೆಗೆದುಕೊಂಡು ಸೊಂಟದೆತ್ತರಕ್ಕೆ ಹಿಡಿದು ಪಕ್ಕದಿಂದ ಹತ್ತು ಸೆಕೆಂಡು ತೆಗೆದು ತೋರಿಸಿದೆ. ನೋಡಿದ. ಏನೂ ಮಾತಾಡಲಿಲ್ಲ. ಬಾರಿನ ಎರಡೂ ಕಡೆಯಿಂದ ಇಪ್ಪತ್ತು ಕಿಲೋದ ಒಂದೊಂದು ಪ್ಲೇಟು ತೆಗೆದಿಟ್ಟ.

ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವ ಸ್ಕ್ವಾಟ್ ಕಥೆಯೂ ಅದೇ. ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಹೋಗುವವರಿಗೆ ನಿಯಮ ಇದೆ: ತೊಡೆ ಸೊಂಟಕ್ಕೆ ಕೂಡುವ ಮಡಿಕೆ ಮಂಡಿಯ ಮೇಲ್ಭಾಗಕ್ಕಿಂತ ಕೆಳಗೆ ಹೋಗಲೇಬೇಕು. ಕೂತವನಿಗೆ ತಾನು ಪಾತಾಳಕ್ಕೆ ಇಳಿದ ಹಾಗೆ ಅನ್ನಿಸುತ್ತದೆ, ನೋಡಿದರೆ ಇನ್ನೂ ನಾಲ್ಕು ಬೆರಳು ಬಾಕಿ. ಬೆಳಿಗ್ಗೆ ಐದೂವರೆಗೆ ಬರುವವರಿಗೆ ನೋಡಿ ಹೇಳಲು ನಾನೂ ಇರುವುದಿಲ್ಲ, ಬೀಗ ತೆಗೆಯುವ ಹುಡುಗ ಬಿಟ್ಟರೆ ಯಾರೂ ಇರುವುದಿಲ್ಲ. ಅವರಿಗೆ ಫೋನೇ ವಸ್ತಾದ.

ಒಂದು ಗುಟ್ಟು ಹೇಳುತ್ತೇನೆ. ಫೋನ್ ಎಲ್ಲಿಟ್ಟಿದ್ದಾನೆ ಎಂದು ನೋಡಿದರೆ ಸಾಕು, ಅವನಿಗೆ ಏನು ಬೇಕಾಗಿದೆ ಎಂಬುದು ನನಗೆ ಗೊತ್ತಾಗುತ್ತದೆ. ಸೊಂಟದೆತ್ತರ, ಪಕ್ಕದಿಂದ, ಎರಡು ಮಾರು ದೂರದಲ್ಲಿ ಇಟ್ಟರೆ ಕಲಿಯಲು. ನೆಲದ ಮೇಲಿಟ್ಟು, ನೀರಿನ ಬಾಟಲಿಗೆ ಆನಿಸಿ, ಕೆಳಗಿನಿಂದ ಮೇಲಕ್ಕೆ ತೆಗೆದರೆ ತೊಡೆ ಕಂಬದ ಹಾಗೆ ಕಾಣುತ್ತದೆ, ಆದರೆ ಎಷ್ಟು ಆಳ ಕೂತ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಅದು ರೀಲ್ಸ್‌ಗೆ. ರೀಲ್ಸ್ ಮಾಡುವುದು ಪಾಪವೇನಲ್ಲ, ಆದರೆ ಅದನ್ನು "ಫಾರ್ಮ್ ಚೆಕ್ ರೀ ಸರ" ಅನ್ನಬಾರದು.

ಈಗ ನನ್ನ ಮುತ್ಯಾನ ವಿಷಯ. ಮುಧೋಳ ಕಡೆಯ ಹಳ್ಳಿಯಲ್ಲಿ ಅವನು ಪೈಲ್ವಾನ. ನಾನು ನೋಡುವ ಹೊತ್ತಿಗೆ ಕುಸ್ತಿ ಬಿಟ್ಟು ಎಷ್ಟೋ ವರ್ಷವಾಗಿತ್ತು, ಆದರೆ ಕಿವಿಗಳು ಮಾತ್ರ ಒಣಗಿದ ಅಂಜೂರದ ಹಾಗೆ ಮುದುಡಿಕೊಂಡೇ ಇದ್ದವು. ಊರ ಗರಡಿಗೆ ನನ್ನನ್ನೂ ಕರೆದೊಯ್ಯುತ್ತಿದ್ದ. ಬಾಗಿಲು ಎಷ್ಟು ಸಣ್ಣದೆಂದರೆ ದೊಡ್ಡವರು ಬಗ್ಗಿಯೇ ಒಳಗೆ ಹೋಗಬೇಕು. ಹೊಸ್ತಿಲಾಚೆ ಚಪ್ಪಲಿ. ಒಳಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಹಾಕಿ ಹದ ಮಾಡಿದ ಕೆಂಪು ಮಣ್ಣು, ಗೋಡೆಯಲ್ಲಿ ಹನುಮಪ್ಪ. ಕಿಟಕಿ ಅಂತ ಕರೆಯಲು ಒಂದು ಕಿಂಡಿ, ಅದೂ ತಲೆಯ ಮೇಲೆ. ಚಿಕ್ಕವನಿದ್ದಾಗ ಕೇಳಿದ್ದೆ, ಇಷ್ಟು ಕತ್ತಲು ಯಾಕೆ ಎಂದು. "ನದರ ಹತ್ತತೈತಿ" ಅಂದಿದ್ದ.

ನದರ ಅಂದರೆ ಬರೀ ಕೆಟ್ಟ ಕಣ್ಣು ಎಂದುಕೊಂಡಿದ್ದೆ. ಜಿಮ್ ನಡೆಸಿದ ಮೇಲೆ ಅದರೊಳಗಿನ ಲೆಕ್ಕ ತಿಳಿಯಿತು. ಗರಡಿಯಲ್ಲಿ ಪೈಲ್ವಾನ ಬೀಳುತ್ತಾನೆ. ಹೊಸ ಪಟ್ಟು ಕಲಿಯುವಾಗ ತನಗಿಂತ ಸಣ್ಣ ಹುಡುಗನ ಕೈಯಲ್ಲೂ ಬೀಳುತ್ತಾನೆ. ಬಸ್ಕಿ ಹೊಡೆದು ಹೊಡೆದು ವಾಂತಿ ಮಾಡಿಕೊಳ್ಳುತ್ತಾನೆ. ಲಂಗೋಟಿಯಲ್ಲಿ ಮಣ್ಣು ಮೆತ್ತಿಕೊಂಡು ಕೂತು ಅಳುವವರನ್ನೂ ನಾನು ನೋಡಿದ್ದೇನೆ. ಇವೆಲ್ಲ ಹೊರಗಿನವರು ನೋಡುವಂಥವಲ್ಲ. ಮುಂದಿನ ಜಾತ್ರೆಯಲ್ಲಿ ಎದುರು ನಿಲ್ಲುವ ಊರಿನವನು ನೋಡಿದರಂತೂ ಮುಗಿಯಿತು, ಯಾವ ಮೊಣಕಾಲು ನೋಯುತ್ತಿದೆ ಎಂಬುದು ಅವನಿಗೆ ಗೊತ್ತಾಗಿಬಿಡುತ್ತದೆ. ಅದೇ ಪೈಲ್ವಾನ ಜಾತ್ರೆಯ ಜಂಗಿ ಕುಸ್ತಿಗೆ ಇಳಿದಾಗ ಹಲಗೆ ಬಡಿಯಲಿ, ಸಾವಿರ ಜನ ಮರ ಹತ್ತಿ ನೋಡಲಿ, ಬೆಳ್ಳಿ ಕಡಗ ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳಲಿ. ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿ. ಜಾತ್ರೆಯಲ್ಲಿ ಸುತ್ತಲೂ ನೂರು ಫೋನ್ ಎದ್ದಿರುತ್ತವೆ, ಅವರು ಕಲ್ಲು ಹೆಗಲಿಗೆ ಹಾಕಿಕೊಂಡು ಫೋನಿನ ಕಡೆಗೇ ತಿರುಗುತ್ತಾರೆ. ಹಿಂದಿನ ಮೂರು ತಿಂಗಳು ಅವರು ಹಿತ್ತಲಿನಲ್ಲಿ ಆ ಕಲ್ಲಿನ ಜತೆ ಹೇಗೆ ಗುದ್ದಾಡಿದರು ಎಂಬುದನ್ನು ಯಾರಿಗೂ ತೋರಿಸುವುದಿಲ್ಲ.

ಗರಡಿ ಬೇರೆ, ಕಣ ಬೇರೆ. ನನ್ನ ಮಟ್ಟಿಗೆ ಜಿಮ್ ಗರಡಿ. ರೀಲ್ಸ್ ಹುಡುಗರು ಅದನ್ನು ಕಣ ಎಂದುಕೊಂಡಿದ್ದಾರೆ. ನಮ್ಮ ತಕರಾರು ಇರುವುದು ಇಷ್ಟೇ.

ಗರಡಿಯನ್ನು ಹೊಗಳುತ್ತ ಕೂರುವವನೂ ನಾನಲ್ಲ. ಆ ಸಣ್ಣ ಬಾಗಿಲು ನನ್ನ ಅಕ್ಕನಿಗೆ ಮುಚ್ಚಿತ್ತು. ಒಂದು ದಿನ ಹೊಸ್ತಿಲ ಮೇಲೆ ಕೂತು ಒಳಗೆ ನೋಡಿದ್ದಕ್ಕೆ ಮುತ್ಯಾ ಅವಳಿಗೆ ಬಯ್ದದ್ದು ನನಗೆ ನೆನಪಿದೆ. ಹೆಣ್ಣುಮಕ್ಕಳು ಕುಸ್ತಿ, ಜೂಡೊ ಆಡುತ್ತಾರೆ ಎಂಬುದು ನಮ್ಮ ಎಷ್ಟೋ ಹಳ್ಳಿಗಳಿಗೆ ಗೊತ್ತಾದದ್ದೇ ಫೋನಿನಿಂದ. ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ್ 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಆಡಿ ಕಂಚು ತಂದಾಗ, ಕುರಾಶ್ ಅಂದರೇನು ಎಂದು ನಾನೇ ಫೋನಿನಲ್ಲಿ ಹುಡುಕಿ ನೋಡಿದೆ, ಮಧ್ಯ ಏಷ್ಯಾದ ಒಂದು ಬಗೆಯ ಕುಸ್ತಿ ಅದು. ನಮ್ಮ ಜಿಲ್ಲೆಯ ಹಲಕುರ್ಕಿಯ ಅರ್ಜುನ್ 2020ರಲ್ಲಿ ದೆಹಲಿಯ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ 55 ಕಿಲೋ ವಿಭಾಗದ ಗ್ರೀಕೊ-ರೋಮನ್ ಕಂಚು ಗೆದ್ದಾಗ ಜಿಮ್ ಗ್ರೂಪಿನಲ್ಲಿ ಆ ಸುದ್ದಿ ಬಿಟ್ಟರೆ ಬೇರೆ ಮಾತಿರಲಿಲ್ಲ. ನಮ್ಮ ಮಹಿಳಾ ಬ್ಯಾಚಿಗೆ ಮೊದಲು ಸೇರಿದ ನಾಲ್ವರಲ್ಲಿ ಇಬ್ಬರು, ಯಾರೋ ತಮ್ಮಂಥ ಹೆಂಗಸು ಭಾರ ಎತ್ತುವ ವಿಡಿಯೊ ನೋಡಿ ಧೈರ್ಯ ಮಾಡಿ ಬಂದವರು. ಕ್ಯಾಮೆರಾಕ್ಕೆ ನಾನು ಪೂರ್ತಿ ಬಾಗಿಲು ಹಾಕಲಾರದ್ದಕ್ಕೆ ಇದೂ ಒಂದು ಕಾರಣ.

ಇನ್ನು ಹಿಂದೆ ಕಾಣುವವರ ಮಾತು. ಬೆಂಗಳೂರಿನ ಜಿಮ್‌ನಲ್ಲಿ ರೀಲ್ಸ್ ಮಾಡಿದರೆ ಹಿಂದೆ ಓಡಾಡುವವನು ಯಾರೋ ಒಬ್ಬ. ಬಾಗಲಕೋಟೆಯಲ್ಲಿ ಯಾರೋ ಅನ್ನುವವರು ಇಲ್ಲ. ಹಿಂದೆ ಕಂಡವನು ನಮ್ಮ ಸೋದರಮಾವನ ಅಳಿಯ, ಇಲ್ಲವೇ ಮಗನ ಗಣಿತದ ಮೇಷ್ಟ್ರು, ಇಲ್ಲವೇ ಸಾಲ ಕೊಡಬೇಕಾದವನು. ಒಬ್ಬ ಬ್ಯಾಂಕಿನ ನೌಕರರು ಜ್ವರ ಎಂದು ರಜೆ ಹಾಕಿ ಸಂಜೆ ಜಿಮ್‌ಗೆ ಬಂದಿದ್ದರು. (ಜ್ವರ ಇದ್ದದ್ದು ನಿಜ, ಬೆಳಿಗ್ಗೆ ಇತ್ತು, ಸಂಜೆ ಇಳಿದಿತ್ತು ಎಂದು ಅವರು ಇವತ್ತಿಗೂ ಹೇಳುತ್ತಾರೆ.) ಒಬ್ಬ ಹುಡುಗನ ಹದಿನೈದು ಸೆಕೆಂಡಿನ ಬೈಸೆಪ್ಸ್ ವಿಡಿಯೊದಲ್ಲಿ ಹಿಂದೆ ಅವರು ಶೋಲ್ಡರ್ ಪ್ರೆಸ್ ಮಾಡುತ್ತಿದ್ದರು. ರಾತ್ರಿ ಒಂಬತ್ತರೊಳಗೆ ಮ್ಯಾನೇಜರ್ ಫೋನಿಗೆ ತಲುಪಿತು. ಮ್ಯಾನೇಜರ್ ಮಗ ಆ ಹುಡುಗನ ಫಾಲೋವರ್. ಇದನ್ನು ಹೇಳಿ ನಾವೆಲ್ಲ ಇನ್ನೂ ನಗುತ್ತೇವೆ, ಅವರೂ ನಗುತ್ತಾರೆ.

ನಗಲಾಗದ ಇನ್ನೊಂದು ಇದೆ. ಅದರ ತಪ್ಪು ಹುಡುಗರದಲ್ಲ, ನನ್ನದು.

ಎಲ್ಲ ಜಿಮ್‌ಗಳ ಹಾಗೆ ನಾನೂ ಒಂದು ಪೇಜ್ ಮಾಡಿದ್ದೆ. ಜಾಹೀರಾತಿಗೆ ದುಡ್ಡು ಎಲ್ಲಿಂದ ತರುವುದು, ಸದಸ್ಯರ "ಮೊದಲು" ಮತ್ತು "ಈಗ" ಫೋಟೊ ಅಕ್ಕಪಕ್ಕ ಹಾಕಿದರೆ ಹತ್ತು ಜನ ವಿಚಾರಿಸಿಕೊಂಡು ಬರುತ್ತಿದ್ದರು. ಮಹಿಳಾ ಬ್ಯಾಚನ್ನು ನೋಡಿಕೊಳ್ಳುವವಳು ನನ್ನ ಹೆಂಡತಿ, ಬೆಳಿಗ್ಗೆ ಹನ್ನೊಂದರಿಂದ ಒಂದು. ಆ ಬ್ಯಾಚಿನ ಒಬ್ಬ ಹೆಣ್ಣುಮಗಳು ಏಳು ತಿಂಗಳಲ್ಲಿ ಹದಿನಾಲ್ಕು ಕಿಲೋ ಇಳಿಸಿದ್ದರು. ಹಿಟ್ಟಿನ ಗಿರಣಿ, ಇಬ್ಬರು ಮಕ್ಕಳು, ಅತ್ತೆ ಮಾವ ಎಲ್ಲ ಸಂಭಾಳಿಸಿ ಬರುತ್ತಿದ್ದವರು. ನನಗೆ ಹೆಮ್ಮೆ. ಒಂದು ಮಧ್ಯಾಹ್ನ ಐದಾರು ಜನರ ಎದುರಿಗೇ ಕೇಳಿದೆ, "ಅಕ್ಕಾರ, ನಿಮ್ಮ ಫೋಟೊ ಹಾಕ್ಲೇನ್ರಿ?" "ಹ್ಞೂಂ, ಹಾಕ್ರಿ ಸರ" ಎಂದರು. ನಾನು ಮುಖಕ್ಕೆ ನಗುವ ಗುಂಡು ಮುಖದ ಸ್ಟಿಕರ್ ಅಂಟಿಸಿದೆ, ಹೆಸರು ಹಾಕಲಿಲ್ಲ. ಇಷ್ಟು ಜಾಗ್ರತೆ ಮಾಡಿದೆನಲ್ಲ ಎಂದುಕೊಂಡೆ.

ಅವರ ಎಡಗೈ ಮಣಿಕಟ್ಟಿನ ಮೇಲೆ ಹಚ್ಚೆ ಇತ್ತು. ಚಿಕ್ಕಂದಿನಲ್ಲಿ ತವರಿನಲ್ಲಿ ಹಾಕಿಸಿದ್ದು. ನಾದಿನಿ ಗುರುತು ಹಿಡಿದಳು. ಅಲ್ಲಿಂದ ಅದು ಮನೆತನದ ಗ್ರೂಪಿಗೆ, ಅಲ್ಲಿಂದ ಯಾರದೋ ಸ್ಟೇಟಸ್‌ಗೆ. ಎಡಗಡೆಯ ಫೋಟೊ ಮಾತ್ರ ಕತ್ತರಿಸಿ, ಕೆಳಗೊಂದು ಹಲ್ಕಟ್ ಮಾತು ಬರೆದು ಹಾಕಿದ್ದರು. ನನಗೆ ಗೊತ್ತಾದದ್ದು ನಾಲ್ಕು ದಿನ ಅವರು ಬಾರದೇ ಇದ್ದ ಮೇಲೆ. ತಕ್ಷಣ ಅಳಿಸಿದೆ. ನನ್ನ ಪೇಜಿನಿಂದ ಅಳಿಸಿದೆ, ಅಷ್ಟೇ.

ಹೆಂಡತಿ, ನಾನು ಇಬ್ಬರೂ ಅವರ ಮನೆಗೆ ಹೋದೆವು. ಅತ್ತೆ ಚಹಾ ಕೊಟ್ಟರು, ಶೇಂಗಾ ಉಂಡಿ ಕೊಟ್ಟರು, ಮಳೆ ಬೆಳೆ ಮಾತಾಡಿದರು. ಯಾರೂ ಆ ವಿಷಯ ಎತ್ತಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದ ಅವರು ನನಗಷ್ಟೇ ಕೇಳುವ ಹಾಗೆ ಹೇಳಿದ್ದು ಇದು: "ಫೋಟೊ ಹಾಕಿದ್ದಕ್ಕ ಬ್ಯಾಸರ ಇಲ್ರಿ ಸರ. ಮೊದಲಿನ ಫೋಟೊದಾಗ ನನ್ನ ತಂಗಿ ಮದವಿ ಇತ್ತು. ಅವತ್ತ ನಾ ಭಾಳ ಖುಷಿಲೆ ಇದ್ನಿ. ನೀವದಕ್ಕ ಹಂಗ ಬರದ್ರಿ."

ಹಂಗ ಅಂದರೆ, "ಮೊದಲು" ಎಂದು ಬರೆದಿದ್ದೆ. ಕೆಂಪು ಅಕ್ಷರದಲ್ಲಿ.

ಒಪ್ಪಿಗೆ ಕೊಟ್ಟಿದ್ದರಲ್ಲ ಎಂದು ಯಾರಾದರೂ ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ಕಲಿಸುವವನು ಐದು ಜನರೆದುರು ನಗುನಗುತ್ತ ಕೇಳಿದರೆ ನಮ್ಮ ಕಡೆ ಯಾರು ಇಲ್ಲ ಅನ್ನುತ್ತಾರೆ? ಮೇಲಾಗಿ ಅವರು ಹ್ಞೂಂ ಅಂದದ್ದು ಫೋಟೊ ಹಾಕುವುದಕ್ಕೆ. ಅದು ಯಾರ ಫೋನಿಗೆ ಹೋಗುತ್ತದೆ, ಅರ್ಧ ಕತ್ತರಿಸಿದರೆ ಏನಾಗುತ್ತದೆ ಎಂದು ನಾನೂ ಯೋಚಿಸಿರಲಿಲ್ಲ, ಅವರಿಗೆ ಹೇಗೆ ಗೊತ್ತಿರಬೇಕು? ಅವರು ಹೊಳ್ಳಿ ಬರಲಿಲ್ಲ. ಪೇಜಿನಲ್ಲಿ ಈಗ ಇರುವುದು ಮಷೀನುಗಳ ನಾಲ್ಕು ಫೋಟೊ ಮತ್ತು ಫೀ ವಿವರ. ಹಳೆಯ ಕಬ್ಬಿಣದ ಅಂಗಡಿ ಹಂಗ ಕಾಣತೈತಿ ಎಂದು ಹುಡುಗರು ನಗುತ್ತಾರೆ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರೂ ಇದ್ದಾರೆ, ಅದನ್ನು ಬೇಗ ಮುಗಿಸುತ್ತೇನೆ. ಬಟ್ಟೆ ಬದಲಿಸುವ ಕೋಣೆ, ಸ್ನಾನದ ಕೋಣೆಯ ವಿಷಯದಲ್ಲಿ ಅನುಮಾನವೇ ಇಲ್ಲ. ಐಟಿ ಕಾಯ್ದೆಯ 66ಇ ಕಲಂ ಪ್ರಕಾರ ಒಬ್ಬರ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೂ ಹಂಚಿದರೂ 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಹೆಣ್ಣುಮಕ್ಕಳ ಖಾಸಗಿ ಕ್ಷಣವನ್ನು ಕದ್ದು ನೋಡುವ, ಸೆರೆಹಿಡಿಯುವವನಿಗೆ ಮೊದಲ ಸಲಕ್ಕೇ 1ರಿಂದ 3 ವರ್ಷ ಇಟ್ಟಿದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 2016ರಲ್ಲಿ ಒಬ್ಬ ಮಾಡೆಲ್, ಜಿಮ್‌ನ ಬಟ್ಟೆ ಬದಲಿಸುವ ಕೋಣೆಯಲ್ಲಿದ್ದ 70 ವರ್ಷದ ಅಜ್ಜಿಯ ಫೋಟೊ ತೆಗೆದು ಗೇಲಿ ಮಾಡಿ ಹಾಕಿದ್ದಳು. ಜಿಮ್‌ನವರು ಅವಳಿಗೆ ಬಾಗಿಲು ಮುಚ್ಚಿದರು. ಮರುವರ್ಷ ಕೋರ್ಟು, ಊರಿನ ಗೋಡೆಗಳ ಮೇಲೆ ಗೀಚಿದ್ದನ್ನು ಒರೆಸುವ ಕೆಲಸವನ್ನು 30 ದಿನ ಮಾಡಿಸಿತು. ನನಗೆ ಬಹಳ ಹಿಡಿಸಿದ ಶಿಕ್ಷೆ ಅದು.

ಆದರೆ ನಡುಮನೆಯ, ಅಂದರೆ ಎಲ್ಲರೂ ವ್ಯಾಯಾಮ ಮಾಡುವ ಜಾಗದ ವಿಷಯ ಬೇರೆ. ಮೈತುಂಬ ಬಟ್ಟೆ ತೊಟ್ಟು ಟ್ರೆಡ್‌ಮಿಲ್ ಮೇಲೆ ಏದುಸಿರು ಬಿಡುತ್ತಿರುವ ಐವತ್ತರ ಗಂಡಸು ಯಾರದೋ ವಿಡಿಯೊದಲ್ಲಿ ಹಿಂದೆ ಬಂದರೆ ಮೇಲಿನ ಯಾವ ಕಲಮೂ ಅವನ ನೆರವಿಗೆ ಬರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದು ದೊಡ್ಡ ಮಾತು, ನಿಜ. ಆದರೆ ಟ್ರೆಡ್‌ಮಿಲ್ ಮೇಲಿನ ಆ ಮನುಷ್ಯ ಅದನ್ನು ಹಿಡಿದುಕೊಂಡು ದೆಹಲಿಗೆ ಹೋಗುತ್ತಾನೆಯೇ? ಕೌಂಟರಿಗೆ ಬಂದು "ಸರ, ಆ ಹುಡುಗಗ ಜರಾ ಹೇಳ್ರಿ" ಅನ್ನುತ್ತಾನೆ. ಆದ್ದರಿಂದ ಇಲ್ಲಿಯ ಕಾಯ್ದೆ ನಾನೇ ಬರೆಯಬೇಕು. 2025ರಲ್ಲಿ ಬೆಂಗಳೂರಿನ ಮೆಟ್ರೊದಲ್ಲಿ ಹೆಣ್ಣುಮಕ್ಕಳನ್ನು ಕದ್ದು ಚಿತ್ರೀಕರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದವನನ್ನು ಪೊಲೀಸರು ಹಿಡಿದ ಸುದ್ದಿ ಬಂದ ವಾರ, ಮಹಿಳಾ ಬ್ಯಾಚಿನಲ್ಲಿ ನನ್ನ ಹೆಂಡತಿಗೆ ಉತ್ತರ ಹೇಳಿ ಸಾಕಾಯಿತು. ಅಲ್ಲಿ ಯಾರೂ ಬಟ್ಟೆ ಬಿಚ್ಚಿರಲಿಲ್ಲ, ಬರೀ ರೈಲಿನಲ್ಲಿ ನಿಂತಿದ್ದರು.

ಇಷ್ಟೆಲ್ಲ ಕೇಳುವ ಜನ ಒಂದನ್ನು ಮಾತ್ರ ಕೇಳುವುದಿಲ್ಲ. ಆ ತಂದೆ ಛಾವಣಿ ನೋಡಿದರು ಅಂದೆನಲ್ಲ, ಮೂಲೆಯಲ್ಲಿ ನಮ್ಮ ಸಿಸಿಟಿವಿ ಕಂಡು ಅವರಿಗೆ ಸಮಾಧಾನವಾಯಿತು. "ಅದು ಬೇಕ್ರಿ, ಅದು ಇರಬೇಕು" ಎಂದರು. ದಿನಕ್ಕೆ ಇಪ್ಪತ್ತನಾಲ್ಕು ತಾಸು ಎಲ್ಲರನ್ನೂ ತೆಗೆಯುವ ಕ್ಯಾಮೆರಾ ಅದೇ! 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಕೆಲವು ತಿಂಗಳು ನಮ್ಮ ಗ್ರೂಪುಗಳಿಗೆ ಯಾವ ಯಾವುದೋ ಊರಿನ ಜಿಮ್‌ಗಳಲ್ಲಿ ಜನ ಕುಸಿದು ಬೀಳುವ ವಿಡಿಯೊಗಳು ಬರುತ್ತಿದ್ದವು. "ಜಿಮ್‌ಗೆ ಹೋಗೋರು ನೋಡ್ರಿ" ಎಂಬ ತಲೆಬರಹ. ನಾನು ಎರಡನ್ನು ಪೂರ್ತಿ ನೋಡಿದೆ. ಮೂರನೆಯದಕ್ಕೆ ತಲೆಗೆ ಹೊಳೆಯಿತು: ಇವೆಲ್ಲ ಮೇಲಿನ ಮೂಲೆಯಿಂದ ತೆಗೆದವು. ಸತ್ತವನ ಹೆಂಡತಿ ಮಕ್ಕಳು ನೋಡುವ ಮೊದಲೇ ಅದನ್ನು ಹೊರಗೆ ಬಿಟ್ಟವನು ಆ ಜಿಮ್‌ನವನೇ ಇರಬೇಕು, ಇಲ್ಲವೇ ಅಲ್ಲಿ ಕೆಲಸಕ್ಕಿದ್ದವನು.

ನಮ್ಮಲ್ಲೂ ಆಯಿತು, ದೇವರ ದಯೆ, ಸಾವಲ್ಲ. ಒಬ್ಬರು ಹಿರಿಯರು ಟ್ರೆಡ್‌ಮಿಲ್ ನಿಲ್ಲಿಸದೇ ಇಳಿಯಲು ಹೋಗಿ ಹಿಂದಕ್ಕೆ ಜಾರಿ ಕೂತರು. ಪೆಟ್ಟೇನಿಲ್ಲ. ಮಾರನೇ ದಿನ ಟ್ರೇನರ್ ಹುಡುಗ ಕೌಂಟರಿನ ಪರದೆಯಲ್ಲಿ ಸಿಸಿಟಿವಿಯನ್ನು ಹಿಂದಕ್ಕೆ ಓಡಿಸಿ ಅದನ್ನು ಹುಡುಕಿ, ತನ್ನ ಮೊಬೈಲಿನಲ್ಲಿ ತೆಗೆದು, ಹಾಡು ಸೇರಿಸಿ ಗೆಳೆಯರಿಗೆ ಕಳಿಸಿದ್ದ. ಆಗ ನಮ್ಮ ಡಿವಿಆರ್ (ಸಿಸಿಟಿವಿ ತೆಗೆದದ್ದನ್ನು ಕೂಡಿಡುವ ಪೆಟ್ಟಿಗೆ) ಪಾಸ್‌ವರ್ಡ್ ಒಂದರಿಂದ ಆರರವರೆಗಿನ ಅಂಕಿ, ಅದನ್ನು ಪರದೆಯ ಕೆಳಗೆ ಬರೆದು ಅಂಟಿಸಿದ್ದೆ, ನಾನೇ. ಈಗ ಪರದೆ ಒಳಕೋಣೆಯಲ್ಲಿದೆ, ಪಾಸ್‌ವರ್ಡ್ ನಮ್ಮಿಬ್ಬರ ಬಿಟ್ಟು ಯಾರಿಗೂ ಇಲ್ಲ, ಹದಿನೈದು ದಿನಕ್ಕೆ ಹಳೆಯದು ತಾನೇ ಅಳಿದುಹೋಗುತ್ತದೆ. ಹುಡುಗನನ್ನು ಕೆಲಸದಿಂದ ಬಿಡಿಸಲಿಲ್ಲ. ಹಿರಿಯರ ಹತ್ತಿರ ಕರೆದೊಯ್ದು ಅವನ ಬಾಯಿಂದಲೇ ಹೇಳಿಸಿದೆ. ಅವರು ವಿಡಿಯೊ ತೋರಿಸು ಎಂದರು, ನೋಡಿದರು, "ಹಾಡು ಚಲೋ ಆರಿಸೀಯಲೇ" ಎಂದರು. ಹುಡುಗನಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಸರಿ, ನಮ್ಮಲ್ಲಿ ಈಗ ಏನಿದೆ ಎಂದರೆ, ಹಿಂದಿನ ಗೋಡೆಗೆ, ಕನ್ನಡಿ ಇಲ್ಲದ ಕಡೆ, ನೆಲಕ್ಕೆ ನೀಲಿ ಟೇಪಿನಿಂದ ಒಂದು ಚೌಕ. ಒಂದು ರ‍್ಯಾಕನ್ನೂ ಅಲ್ಲಿಗೇ ಎಳೆದು ಹಾಕಿದ್ದೇನೆ. ಚೌಕದೊಳಗೆ ನಿಂತು, ಫೋನ್ ಗೋಡೆಯ ಕಡೆ ಮುಖ ಮಾಡಿ ಇಟ್ಟು ಯಾರು ಬೇಕಾದರೂ ತಮ್ಮನ್ನು ತಾವು ತೆಗೆದುಕೊಳ್ಳಬಹುದು. ಸಂಜೆ ಆರರಿಂದ ಎಂಟರವರೆಗೆ ಟ್ರೈಪಾಡ್ ಇಲ್ಲ, ಕಾಲಿಡಲು ಜಾಗವಿರುವುದಿಲ್ಲ. ತೆಗೆದದ್ದರಲ್ಲಿ ಇನ್ನೊಬ್ಬರ ಮೊಣಕೈ ಬಂದರೂ ಹಾಕುವ ಮೊದಲು ಆ ಮೊಣಕೈಯವರಿಗೆ ತೋರಿಸಬೇಕು. ಕನ್ನಡಿಯೇ ಎಲ್ಲಕ್ಕಿಂತ ದೊಡ್ಡ ಚಾಡಿಕೋರ, ಅದಕ್ಕೇ ಕನ್ನಡಿಯ ಕಡೆ ಫೋನ್ ತಿರುಗಿಸಿದರೆ ನಾನು ಕೂತಲ್ಲಿಂದಲೇ ಕೂಗುತ್ತೇನೆ. ಮಹಿಳಾ ಬ್ಯಾಚಿನಲ್ಲಿ ಫೋನೇ ಇಲ್ಲ. ಬಾಗಿಲ ಹತ್ತಿರ ಒಂದು ರೊಟ್ಟಿ ಬುಟ್ಟಿ ಇಟ್ಟಿದ್ದೇವೆ, ಎಲ್ಲರ ಫೋನೂ ಅದರೊಳಗೆ. ಮಕ್ಕಳ ಶಾಲೆಯಿಂದ ಕರೆ ಬಂದರೆ ಎಂಬ ಚಿಂತೆಗೆ ನನ್ನ ಹೆಂಡತಿಯ ನಂಬರು ಶಾಲೆಗಳಿಗೆ ಕೊಟ್ಟಿದ್ದಾರೆ. ಒಮ್ಮೊಮ್ಮೆ ಅವಳಿಗೆ ದಿನಕ್ಕೆ ನಾಲ್ಕು ಮಕ್ಕಳ ಜ್ವರದ ಸುದ್ದಿ ಬರುತ್ತದೆ. ಅವರಿಗೆ ತಮ್ಮ ಸ್ಕ್ವಾಟ್ ನೋಡಬೇಕಿದ್ದರೆ ಹೆಂಡತಿ ಅವರದೇ ಫೋನಿನಲ್ಲಿ ತೆಗೆದು, ತೋರಿಸಿ, ಅವರ ಕೈಯಿಂದಲೇ ಅಳಿಸಿ, ಹೊಳ್ಳಿ ಬುಟ್ಟಿಗೆ ಹಾಕುತ್ತಾಳೆ.

ಇದರಿಂದ ನನಗೆ ನಷ್ಟವಾಗಿದೆ. ಸಾವಿರಾರು ಫಾಲೋವರ್ ಇದ್ದ ಒಬ್ಬ ಹುಡುಗ ಬೇರೆ ಜಿಮ್‌ಗೆ ಹೋದ, ಜತೆಗೆ ಆರು ಗೆಳೆಯರನ್ನೂ ಎಳೆದುಕೊಂಡು ಹೋದ. ಹೋಗುವಾಗ ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ. "ಹೋಳ್ಯಾಗ ಬಣ್ಣದ ಬಂಡಿ ಹಿಂದ ಕುಣಿಯೂದು ಎಲ್ಲಾರೂ ಸ್ಟೇಟಸ್ ಇಡ್ತಾರಲ್ರಿ ಸರ. ಬನಿಯನ್ ಹರದಿರತೈತಿ, ಮಾರಿ ಗುರ್ತ ಸಿಗಾಂಗಿಲ್ಲ. ಅವ್ರs ಇಲ್ಲಿ ಟ್ರೆಡ್‌ಮಿಲ್ ಮ್ಯಾಲ ನಡಿಯೂದು ಬಂದ್ರ ಯಾಕ ಸಿಟ್ಟಿಗೇಳ್ತಾರ?" ಬಾಗಲಕೋಟೆಯ ಹೋಳಿ ನೋಡಿದವರಿಗೆ ಅವನ ಮಾತು ಸುಳ್ಳಲ್ಲ ಎಂದು ಗೊತ್ತು. ಆದರೆ ಹೋಳಿಗೆ ಹೋಗುವವನು ನಾಲ್ಕು ಜನರ ನಡುವೆ ಕಾಣಿಸಿಕೊಳ್ಳಲೆಂದೇ ಹೋಗುತ್ತಾನೆ. ನನ್ನ ಜಿಮ್‌ಗೆ ಬರುವ ಅರ್ಧ ಜನ ಬರುವುದು ಇನ್ನೂ ಕಾಣಿಸಿಕೊಳ್ಳುವ ಹಾಗಿಲ್ಲ ಎಂದು ತಮಗೇ ಅನ್ನಿಸಿರುವುದರಿಂದ. ತೂಕ ಹೆಚ್ಚಿದವರು, ಸಕ್ಕರೆ ಕಾಯಿಲೆ ಹೊಸದಾಗಿ ಗೊತ್ತಾದವರು, ಹೆರಿಗೆಯಾದ ಮೇಲೆ ಬೆನ್ನು ನೋವು ಬಿಡದವರು, ಮದುವೆ ಮುರಿದವರು. ಅವರ ಮೊದಲ ಎರಡು ತಿಂಗಳು ಬಹಳ ನಾಜೂಕು. ಬಾಗಿಲಲ್ಲಿ ಒಂದು ಟ್ರೈಪಾಡ್ ಕಂಡರೆ ಸಾಕು, ಚಪ್ಪಲಿ ಕೂಡ ಬಿಡದೆ ಹೊರಟುಹೋಗುತ್ತಾರೆ. ಹೋದವರು ದೂರು ಹೇಳುವುದಿಲ್ಲ, ಅವರ ಲೆಕ್ಕ ನನ್ನ ರಿಜಿಸ್ಟರಿನಲ್ಲಿ ಸಿಗುವುದಿಲ್ಲ.

ಆ ಹುಡುಗನಿಗೆ ಇದನ್ನೆಲ್ಲ ಹೇಳಲಾಗಲಿಲ್ಲ, ಅವನು ಬೈಕ್ ಸ್ಟಾರ್ಟ್ ಮಾಡಿಯೇ ಕೇಳಿದ್ದ.

ನನ್ನ ಏರ್ಪಾಡು ಗಟ್ಟಿಯೇನಲ್ಲ. ಸೋಮವಾರ ನೆಲ ಒರೆಸಿದಾಗಲೆಲ್ಲ ಟೇಪಿನ ಮೂಲೆ ಏಳುತ್ತದೆ, ಬೇಸಿಗೆಯಲ್ಲಿ ಅಂಟು ಕರಗಿ ಬೂಟಿಗೆ ಹತ್ತುತ್ತದೆ. ಹೋದ ವಾರ ಮಧ್ಯಾಹ್ನ ಅದನ್ನೇ ಸರಿಮಾಡುತ್ತ ಕೂತಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಬಂದರು, ವಯಸ್ಸು ಅರವತ್ತಾರು, ಮಂಡಿ ನೋವು. ಆರು ವಾರದ ಹಿಂದೆ ಕುರ್ಚಿಯಿಂದ ಕೈ ಊರದೆ ಏಳಲು ಬರುತ್ತಿರಲಿಲ್ಲ. ಈಗ ಐದು ಸಲ ಎದ್ದು ಕೂರುತ್ತಾರೆ, ಅದನ್ನು ಪುಣೆಯಲ್ಲಿರುವ ಮಗನಿಗೆ ಕಳಿಸಬೇಕಂತೆ. ಕುರ್ಚಿಯನ್ನು ಚೌಕದೊಳಗೆ ಇಟ್ಟುಕೊಂಡರು, ಬೀಗ ತೆಗೆಯುವ ಹುಡುಗನ ಕೈಗೆ ಫೋನ್ ಕೊಟ್ಟರು, ಅವನು ಹಿಡಿದ. ಮೇಷ್ಟ್ರು ಕೈಯೆತ್ತಿ ನಿಲ್ಲಿಸಿ ನನ್ನ ಕಡೆ ನೋಡಿದರು.

"ನೀವು ಹಿಂದ ಬರಾಕತ್ತೀರಿ. ಜರಾ ಆ ಕಡೆ ಸರೀರಿ."

ಟೇಪಿನ ಸುರುಳಿ ಹಿಡಿದುಕೊಂಡು ಸರಿದೆ. ಐದು ಸಲ ಎದ್ದು ಕೂತರು. ವಿಡಿಯೊ ನೋಡಿ ಮುಖ ಗಂಟು ಹಾಕಿದರು, ಹೊಟ್ಟೆ ಭಾಳ ಕಾಣಾಕತ್ತೈತಿ, ಅಳಿಸು ಎಂದರು. ಎರಡನೇ ಸಲ ಕನ್ನಡಕ ಜಾರಿತು. ಮೂರನೆಯದಕ್ಕೆ ಒಪ್ಪಿ, ಮಗನಿಗೆ ಕಳಿಸಿ, ಅಲ್ಲೇ ಕುರ್ಚಿಯಲ್ಲಿ ಕೂತು ಎರಡು ನೀಲಿ ಗೆರೆ ಬರುವುದನ್ನೇ ಕಾಯುತ್ತಿದ್ದರು.